ಕಂಬದ ಆಚೆ ಬದಿ

ಆಗಸ್ಟ್ 4, ಸೋಮವಾರ

ಯಾರದು ಇದನ್ನು ತೆರೆದದ್ದು? ಕೈ ತೊಳೆದುಕೊಂಡಿದ್ದೀಯಾ ಇಲ್ಲವಾ? ಮುದುಕಿಯ ಪುಸ್ತಕದಲ್ಲಿ ಮೂಗು ತೂರಿಸುವಷ್ಟು ಬಿಡುವಿದ್ದರೆ ಹೋಗು, ಹಗ್ಗದ ಮೇಲೆ ಬಟ್ಟೆ ಒಣಗಿ ಕಡ್ಡಿಯಾಗಿದೆ, ತೆಗೆದು ಮಡಚು. ಇದು ನಾನು ನನಗೇ ಬರೆದುಕೊಳ್ಳುವುದು. ನೀನು ಸೊಸೆಯಾದರೆ ಕೇಳಿಸಿಕೋ, ಪುಸ್ತಕ ತಂದುಕೊಟ್ಟವಳು ನೀನೇ ಇರಬಹುದು, ಕೊಟ್ಟ ಮೇಲೆ ಅದು ನನ್ನದು. ಮಗನಾದರೆ, ನನ್ನ ಅಕ್ಷರ ಓದುವ ತಾಳ್ಮೆ ನಿನಗೆ ಹುಟ್ಟಿನಿಂದಲೇ ಇಲ್ಲ, ಇದ್ದಲ್ಲೇ ಇಡು. ಬೇರೆ ಯಾರಾದರೂ ಆಗಿದ್ದರೆ ನಾಚಿಕೆಯಾಗಬೇಕು.

ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳಿಗೆ ಈ ವಯಸ್ಸಿನಲ್ಲಿ ಬರೆಯುವ ಚಪಲ ಯಾಕೆ ಅಂದರೆ, ಕಂಬ ಇಲ್ಲ, ಅದಕ್ಕೆ.

ಹಳೇ ಚರ್ಚಿನಲ್ಲಿ ಹೆಂಗಸರ ಕಡೆ ಒಂದು ಕಲ್ಲುಕಂಬ ಇತ್ತು. ಮದುವೆಯಾಗಿ ಬಂದ ಮೊದಲ ಭಾನುವಾರದಿಂದ ಅದಕ್ಕೇ ಒರಗಿ ಕೂತೆ. ನನ್ನ ತಲೆಯೆಣ್ಣೆ ಹತ್ತಿ ಹತ್ತಿ ಅಲ್ಲೊಂದು ಕಪ್ಪು ಕಲೆಯೇ ಆಗಿತ್ತು. ಎಲ್ಲರೂ ಕಣ್ಣು ಮುಚ್ಚಿ ಪ್ರಾರ್ಥನೆ ಮಾಡುವಾಗ ನಾನು ಕಂಬಕ್ಕೆ ಬಾಯಿ ಹತ್ತಿರ ಹಿಡಿದು ಮನೆಯ ವಿಷಯ ಪಿಸುಗುಟ್ಟುತ್ತಿದ್ದೆ. ದೇವರಿಗೂ ಕೇಳುತ್ತಿತ್ತು ಅನ್ನಿ. ಆದರೆ ದೇವರಿಗೆ ಊರಿನವರೆಲ್ಲ ಇದ್ದಾರೆ, ಕಂಬಕ್ಕೆ ನಾನೊಬ್ಬಳೇ.

ಹೋದ ವರ್ಷ ಚರ್ಚು ಕೆಡವಿದರು. ಹೊಸದು ಏಳುವವರೆಗೆ ಶಾಲೆಯ ದೊಡ್ಡ ಕೋಣೆಯಲ್ಲಿ ಪೂಜೆ. ಅಲ್ಲಿ ಪ್ಲಾಸ್ಟಿಕ್ ಕುರ್ಚಿ. ಪ್ಲಾಸ್ಟಿಕ್ ಕುರ್ಚಿಗೆ ಯಾರಾದರೂ ಕಷ್ಟ ಹೇಳಿಕೊಳ್ಳುತ್ತಾರಾ? ಹೊಟ್ಟೆಯೊಳಗೆ ಮಾತು ಗಂಟು ಕಟ್ಟಿತು. ಸೊಸೆ ತಾನು ಕೆಲಸ ಮಾಡುವ ಬೇಕರಿಯಿಂದ ಈ ಗೆರೆ ಪುಸ್ತಕ ತಂದು, "ನನ್ನ ತಲೆ ತಿನ್ನೋ ಬದಲು ಇದರ ತಲೆ ತಿನ್ನಿ ಅತ್ತೆ" ಅಂದಳು. ಒಳ್ಳೇ ಹುಡುಗಿ. ಬಾಯಿ ಮಾತ್ರ ನನ್ನಿಂದ ಕಲಿತದ್ದು.

ಆಗಸ್ಟ್ 5, ಮಂಗಳವಾರ

ಆ ಕಂಬಕ್ಕೆ ಆಚೆ ಬದಿಯೂ ಒಂದಿತ್ತು. ನಿನ್ನೆ ಬೇಕೆಂದೇ ಬರೆಯಲಿಲ್ಲ. ಆ ಬದಿಗೆ ಒರಗಿ ಮೇಲಿನ ಮನೆಯವಳು ಕೂರುತ್ತಿದ್ದಳು. ನಮ್ಮ ಯಜಮಾನರ ಅಣ್ಣನ ಹೆಂಡತಿ, ನನ್ನ ಓರಗಿತ್ತಿ. ಅಣ್ಣತಮ್ಮಂದಿರಿಬ್ಬರೂ ಹೋದರು, ನಾವಿಬ್ಬರು ಉಳಿದೆವು. ಓಣಿಯ ಏರು ಹತ್ತಿದರೆ ಅವಳ ಮನೆ, ಇಳಿದರೆ ನನ್ನದು. ಅತ್ತೆಯ ಶವಪೆಟ್ಟಿಗೆ ಮುಚ್ಚಿದ ದಿನದಿಂದ ಮಾತಿಲ್ಲ. ಆವತ್ತು ಅವಳು ನೆಂಟರೆಲ್ಲರ ಎದುರಿಗೆ, "ಸಾಕು ನಿಲ್ಸೆ, ನಿನ್ನ ಗಲಾಟೆಗೆ ಸತ್ತೋರಿಗೂ ನಿದ್ದೆ ಬರಲ್ಲ" ಅಂದಳು. ಅಕ್ಷರ ಅಕ್ಷರ ನೆನಪಿದೆ. ಅದಕ್ಕೆ ಮೊದಲು ನಾನೂ ಏನೋ ಅಂದಿದ್ದೆನಂತೆ, ಅದು ನೆನಪಿಲ್ಲ. ಒಳ್ಳೆಯದೇ ಅಂದಿರುತ್ತೇನೆ.

ಮುಖ ನೋಡಬಾರದು ಅಂತ ಒಂದೇ ಕಂಬದ ಎರಡು ಬದಿ ಹಿಡಿದೆವು. ಬೇರೆ ಕಂಬ ಇರಲಿಲ್ಲವಾ ಅಂದರೆ, ಇತ್ತು. ಮೊದಲು ಕೂತವಳು ನಾನು, ನಾನ್ಯಾಕೆ ಏಳಲಿ? ಅವಳೂ ಹಾಗೇ ಅನ್ನುತ್ತಾಳಂತೆ. ಬೆನ್ನಿಗೆ ಬೆನ್ನು ಕೊಟ್ಟೇ ಇಬ್ಬರೂ ಮುದುಕಿಯರಾದೆವು. ಅವಳ ಮುಖ ಈಗ ಹೇಗಿದೆಯೋ ಸರಿಯಾಗಿ ತಿಳಿಯದು. ಕೆಮ್ಮು ಗೊತ್ತು. ಹಾಡುವಾಗ ಎಲ್ಲರಿಗಿಂತ ಅರ್ಧ ಉಸಿರು ಹಿಂದೆ ಬೀಳುತ್ತಾಳೆ, ಅದೂ ಗೊತ್ತು.

ಆಗಸ್ಟ್ 10, ಭಾನುವಾರ

ಪೂಜೆ ಮುಗಿದ ಮೇಲೆ ಫಾದರ್ ಎಲ್ಲರನ್ನೂ ಹೊಸ ಚರ್ಚು ತೋರಿಸಲು ಕರೆದುಕೊಂಡು ಹೋದರು. ಅಕ್ಟೋಬರಿನಲ್ಲಿ ಬಿಷಪ್ಪರು ಬಂದು ತೆರೆಯುತ್ತಾರಂತೆ. ಒಳಗೆ ಕಾಲಿಟ್ಟೆ. ಸುಣ್ಣದ ವಾಸನೆ, ಹಸಿ ಸಿಮೆಂಟಿನ ತಂಪು. ಎತ್ತರದ ಕಿಟಕಿಗಳಿಂದ ಬೆಳಕು ಹಾಲು ಚೆಲ್ಲಿದ ಹಾಗೆ ಇಳಿದಿತ್ತು. ಗೋಡೆ ಎಲ್ಲಿ ಮುಗಿಯುತ್ತದೆ, ಬೆಳಕು ಎಲ್ಲಿ ಶುರುವಾಗುತ್ತದೆ ಅಂತ ತಿಳಿಯಲಿಲ್ಲ. ಮಂಜಿನೊಳಗೆ ನಿಂತ ಹಾಗಿತ್ತು. ಈಚೆಗೆ ಎಲ್ಲ ಕಡೆ ಹೀಗೇ, ಜನ ಕಸ ಸುಡುವುದು ಜಾಸ್ತಿಯಾಗಿದೆ. ಸೊಸೆ ಕಣ್ಣಿನ ಡಾಕ್ಟರು ಅಂತ ರಾಗ ತೆಗೆಯುತ್ತಾಳೆ. ಊರಿನ ಹೊಗೆಗೆ ಡಾಕ್ಟರು ಏನು ಮಾಡುತ್ತಾನೆ?

ಕೈ ಚಾಚಿಕೊಂಡು ಕಂಬ ಹುಡುಕಿದೆ. ಇಲ್ಲ. ಒಂದೂ ಇಲ್ಲ.

"ಕಬ್ಬಿಣದ ತೊಲೆ ಹಾಕಿದ್ದೀವಿ ಅಜ್ಜಿ, ಕಂಬ ಬೇಡ," ಅಂದರು ಫಾದರ್. "ಎಲ್ಲಿ ಕೂತರೂ ಬಲಿಪೀಠ ಕಾಣುತ್ತೆ. ಎಲ್ಲರಿಗೂ ಎಲ್ಲರೂ ಕಾಣ್ತಾರೆ."

"ಕಾಣಬಾರದು ಅಂತ ಕೂರೋರು ಏನು ಮಾಡಬೇಕು?"

ಫಾದರ್ ನಕ್ಕರು. ಎಳೇ ಪ್ರಾಯ, ಎಲ್ಲದಕ್ಕೂ ನಗು. ಹಿಂದಿನಿಂದ ಒಂದು ಕೆಮ್ಮು ಕೇಳಿತು. ಮೇಲಿನ ಮನೆಯವಳೂ ಅಲ್ಲೇ ಕೈ ಚಾಚಿಕೊಂಡು ತಡವುತ್ತಿದ್ದಳು ಅಂತ ಸೊಸೆ ಆಮೇಲೆ ಹೇಳಿದಳು.

ನಾನು ಆ ಚರ್ಚಿಗೆ ಇನ್ನು ಕಾಲಿಡುವುದಿಲ್ಲ. ಒರಗಲು ಜಾಗ ಇಲ್ಲದ ಮೇಲೆ ಹೋಗಿ ಯಾರ ಮುಖ ನೋಡಲಿ.

ಆಗಸ್ಟ್ 12, ಮಂಗಳವಾರ

ಮಧ್ಯಾಹ್ನ ಕೂತಲ್ಲೇ ಜೊಂಪು ಹತ್ತಿತು. ಕಂಬ ನಮ್ಮ ಅಡಿಗೆಮನೆಗೆ ಬಂದು ಮಣೆಯ ಮೇಲೆ ಕೂತಿತ್ತು. ಅಷ್ಟುದ್ದದ್ದು ಹೇಗೆ ಮಡಚಿಕೊಂಡು ಕೂತಿತೋ. "ಹೇಳು" ಅಂತು. ಹೇಳಲು ಬಾಯಿ ತೆರೆದರೆ ಬಾಯಿಂದ ಹಾಲು ಉಕ್ಕಿತು. ಎಚ್ಚರವಾಗಿ ನೋಡಿದರೆ ಒಲೆಯ ಮೇಲೆ ನಿಜವಾಗಿಯೂ ಉಕ್ಕಿತ್ತು.

ಆಗಸ್ಟ್ 14, ಗುರುವಾರ

ಫಾದರ್ ಮನೆಗೆ ಬಂದರು, ಕಂಕುಳಲ್ಲಿ ಬಿಳಿ ಬಟ್ಟೆಯ ಸುರುಳಿ.

"ತೆರೆಯೋ ದಿನ ಬಿಷಪ್ಪರು ಬಲಿಪೀಠಕ್ಕೆ ಎಣ್ಣೆ ಹಚ್ಚಿದ ಮೇಲೆ ಅದಕ್ಕೆ ಮೊದಲ ಬಟ್ಟೆ ಹಾಸಬೇಕು ಅಜ್ಜಿ. ಊರಿನ ಹಿರೀ ಹೆಂಗಸರು ಇಬ್ಬರು ಹಾಸಲಿ ಅಂತ ಸಭೆಯಲ್ಲಿ ತೀರ್ಮಾನ ಆಗಿದೆ."

"ಇನ್ನೊಬ್ಬಳು ಯಾರು?" ಅಂದೆ, ಗೊತ್ತಿದ್ದೂ.

ಫಾದರ್ ಓಣಿಯ ಏರಿನ ಕಡೆ ನೋಡಿದರು.

"ಬೇರೆ ಮುದುಕಿ ಸಿಗಲಿಲ್ವಾ?"

"ಮುದುಕೀನ ಹೊಸದಾಗಿ ಹುಟ್ಟಿಸೋಕೆ ಆಗಲ್ವಲ್ಲ ಅಜ್ಜಿ."

ಬಟ್ಟೆಯ ಎರಡು ಕೊನೆ ಬಲಿಪೀಠದ ಎಡಬಲಕ್ಕೆ ಇಳಿಬೀಳುತ್ತವಂತೆ. ಒಂದು ಕೊನೆಗೆ ನಾನು ಲಿಲ್ಲಿ ಹೂ ಕಸೂತಿ ಹಾಕಬೇಕು, ಇನ್ನೊಂದಕ್ಕೆ ಅವಳು. ತಿಳಿನೀಲಿ ದಾರ, ಹೂವಿನ ನಕ್ಷೆಯ ಕಾಗದ ಒಬ್ಬೊಬ್ಬರಿಗೆ ಒಂದು. ಮೂರು ದಿನ ಬಟ್ಟೆ ಇಲ್ಲಿ, ಮೂರು ದಿನ ಅಲ್ಲಿ. ಆಗುವುದಿಲ್ಲ ಅನ್ನಲು ಬಾಯಿ ತೆರೆದಿದ್ದೆ.

"ಆಯಮ್ಮ ಏನಂದಳು?"

"ಅವರು ಒಪ್ಪಿದ್ರು. ಕೆಳಗಿನ ಮನೆಯವಳ ಕೈಲಿ ಆಗಲ್ಲ ಅಂದ್ರೆ ಎರಡೂ ಕೊನೆ ನಾನೇ ಮಾಡ್ತೀನಿ ಅಂದ್ರು."

ಬಟ್ಟೆ ಫಾದರ್ ಕೈಯಿಂದ ಕಿತ್ತುಕೊಂಡೆ. ಕಾಲಿಡುವುದಿಲ್ಲ ಅಂದದ್ದು ಅಂದದ್ದೇ. ಹೂ ಹಾಕಿಕೊಡುತ್ತೇನೆ, ಹಾಸುವವರು ಹಾಸಿಕೊಳ್ಳಲಿ.

ಆಗಸ್ಟ್ 20, ಬುಧವಾರ

ಸೊಸೆ ಬೇಕರಿಗೆ ಹೊರಡುವ ಮೊದಲು ಒಂದಿಷ್ಟು ಸೂಜಿಗೆ ದಾರ ಪೋಣಿಸಿ ಸೋಪಿನ ತುಂಡಿಗೆ ಚುಚ್ಚಿಟ್ಟು ಹೋಗುತ್ತಾಳೆ. ಸೂಜಿಯ ಕಣ್ಣು ಈಗಿನ ಕಂಪನಿಗಳು ಸಣ್ಣದು ಮಾಡಿಬಿಟ್ಟಿವೆ. ಹೂವಿನ ಗೆರೆ ನನಗೆ ನೋಡಬೇಕಾಗಿಲ್ಲ, ಬೆರಳಿಗೇ ಗೊತ್ತು.

ಬಟ್ಟೆ ಹೋಗುವುದು ಸೊಸೆಯ ಕೈಚೀಲದಲ್ಲಿ, ದಾರಿಯಲ್ಲೇ ಮೇಲಿನ ಮನೆ. ನನ್ನ ಕೊನೆಯನ್ನು ಸುರುಳಿ ಸುತ್ತಿ, ಹಳೇ ದಿಂಬಿನ ಚೀಲದೊಳಗೆ ತೂರಿಸಿ, ಚೀಲದ ಬಾಯಿ ಹೊಲಿದೇ ಕಳಿಸುತ್ತೇನೆ. ನನ್ನ ಹೂ ನೋಡಿ ಅವಳು ನಕಲು ಮಾಡಬಾರದು. ಅವಳ ಕೊನೆಯೂ ಹಾಗೇ ಹೊಲಿಗೆ ಹಾಕಿಕೊಂಡು ವಾಪಸು ಬಂತು. ನನ್ನಿಂದ ಕಲಿತಳು, ನನ್ನ ಹೆಸರು ಮಾತ್ರ ಹೇಳಲಿಕ್ಕಿಲ್ಲ.

"ಯಾವ ಮಗ್ಗುಲು ಮೇಲೆ ಬರಬೇಕು ಅಂತ ದೊಡ್ಡತ್ತೇನ ಕೇಳ್ಕೊಂಡು ಬರಲಾ?" ಅಂದಳು ಸೊಸೆ.

"ಬಿಳೀ ಬಟ್ಟೆಗೆ ಎಂಥ ಮಗ್ಗುಲು. ನಿನ್ನ ಬ್ರೆಡ್ಡು ನೋಡ್ಕೋ ಹೋಗು."

ಆಗಸ್ಟ್ 28, ಗುರುವಾರ

ಮೇಲಿನ ಮನೆಯಿಂದ ಬಂದ ಚೀಲದಲ್ಲಿ ಬಟ್ಟೆಯ ಜೊತೆ ಒಂದು ಊಟದ ಕ್ಯಾರಿಯರ್ ಡಬ್ಬಿ. ತೆರೆದರೆ ಒಳಗೆ ದಾರದ ಉಂಡೆಗಳು, ಮುಚ್ಚಳದೊಳಗೆ ಒಂದು ಸೋಪಿನ ತುಂಡು, ಅದರ ತುಂಬ ದಾರ ಪೋಣಿಸಿದ ಸೂಜಿಗಳು. ನನಗೆ ಕಣ್ಣು ಕಾಣುವುದಿಲ್ಲ ಅಂದುಕೊಂಡಳೇ? ಸೊಸೆಯದೇ ಬಾಯಿ ಹರುಕುತನ. ಸೂಜಿಗಳನ್ನು ಹಾಗೇ ವಾಪಸು ಕಳಿಸುವವಳಿದ್ದೆ, ದಾರ ಹಾಳಾಗುತ್ತದಲ್ಲ ಅಂತ ಹೊಲಿದು ಮುಗಿಸಿದೆ.

ಆದರೆ ಬರೆಯಬೇಕಾದ್ದು ಅದಲ್ಲ. ಆ ಡಬ್ಬಿ ನನಗೆ ಗೊತ್ತು. ಮುಚ್ಚಳದಲ್ಲಿ ತಗ್ಗು, ಹಿಡಿಯ ಒಂದು ಕಡೆ ಕೊಂಡಿಯ ಬದಲು ಕೆಂಪು ವೈರು ಸುತ್ತಿದ್ದು. ಕೈಯಾಡಿಸಿದ ಕೂಡಲೇ ತಿಳಿಯಿತು. ಯಜಮಾನರು ಕಡೆಯ ಸಲ ಆಸ್ಪತ್ರೆಯಲ್ಲಿದ್ದಾಗ ನಾನು ಅವರ ಮಗ್ಗುಲು ಬಿಟ್ಟು ಏಳುವ ಹಾಗಿರಲಿಲ್ಲ. ಒಂದು ಭಾನುವಾರ ಮಾತ್ರ ಓಡಿಬಂದು ಕಂಬಕ್ಕೆ ಹೇಳಿಕೊಂಡೆ, ತಿಂದು ಎರಡು ದಿನವಾಯಿತು, ಕ್ಯಾಂಟೀನಿನ ಊಟ ಗಂಟಲಿಗಿಳಿಯುವುದಿಲ್ಲ ಅಂತ. ಮಾರನೇ ದಿನದಿಂದ ವಾರ್ಡಿನ ಬಾಗಿಲ ಮೊಳೆಗೆ ಮಧ್ಯಾಹ್ನ ಇದೇ ಡಬ್ಬಿ ತೂಗುತ್ತಿತ್ತು, ಬಿಸಿಬಿಸಿ. ಮಹಿಳಾ ಸಂಘದವರದ್ದು ಅಂತ ನನಗಾಗಲೇ ಗೊತ್ತಾಗಿತ್ತು, ಬೇರೆ ಯಾರು ತರುತ್ತಾರೆ. ಈಗ ನೋಡಿದರೆ ಸಂಘದ ಡಬ್ಬಿಯನ್ನು ಇವಳು ಹೊಡೆದುಕೊಂಡು ಹೊಲಿಗೆ ಪೆಟ್ಟಿಗೆ ಮಾಡಿಕೊಂಡಿದ್ದಾಳೆ. ಅಧ್ಯಕ್ಷಿಣಿಗೆ ಹೇಳಿಸುತ್ತೇನೆ, ಬಿಡುವುದಿಲ್ಲ.

ಸೆಪ್ಟೆಂಬರ್ 2, ಮಂಗಳವಾರ

ಸಂಘಕ್ಕೆ ಕ್ಯಾರಿಯರ್ ಡಬ್ಬಿ ಯಾವತ್ತೂ ಇರಲೇ ಇಲ್ಲ ಅಂದಳಂತೆ ಅಧ್ಯಕ್ಷಿಣಿ. ಪಾಪ, ವಯಸ್ಸಾಯಿತು, ಮರೆವು.

ಸೆಪ್ಟೆಂಬರ್ 9, ಮಂಗಳವಾರ

ಸಂಜೆ ಮಗ ಲಾರಿ ನಿಲ್ಲಿಸಿ ಮನೆಗೆ ಬಂದವನು ನನ್ನನ್ನು ಹೊಸ ಚರ್ಚಿನ ಅಂಗಳದವರೆಗೆ ನಡೆಸಿಕೊಂಡು ಹೋದ. ಅಂಗಳ ಚರ್ಚಲ್ಲ, ಕಾಲಿಟ್ಟ ಹಾಗಾಗಲಿಲ್ಲ. ಕಲ್ಲಿನ ಕೆಲಸದ ಮೇಸ್ತ್ರಿ ಚಹಾ ಕುಡಿಯುತ್ತ ಕೂತಿದ್ದ.

"ನನ್ನ ಕಂಬ ಏನು ಮಾಡಿದೆ?" ಅಂದೆ.

"ಎಲ್ಲೂ ಹೋಗಿಲ್ಲ ಅಜ್ಜಿ. ಒಳಗೇ ಇದೆ. ಬಲಿಪೀಠದ ಕಲ್ಲು ಅದರದ್ದೇ. ಕುಯ್ದು ಹಾಸಿ ಜೋಡಿಸಿದ್ದೀವಿ. ಒಳ್ಳೇ ಕಲ್ಲು ಅಂತ ಫಾದರ್ ಬಿಡಲಿಲ್ಲ."

"ಅದರಲ್ಲಿ ಎಣ್ಣೆ ಕಲೆ ಇತ್ತಲ್ಲ?"

"ಎರಡಿದ್ವು, ಆ ಕಡೆ ಒಂದು, ಈ ಕಡೆ ಒಂದು. ಕೆತ್ತಿ ಕೆತ್ತಿ ಸಾಕಾಯ್ತು. ಯಾರ ತಲೇದೋ ಏನೋ."

"ನಿನ್ನ ತಲೆ," ಅಂದೆ. ಒಂದು ಜನ್ಮದ ಎಣ್ಣೆಯನ್ನು ಉಳಿಯಲ್ಲಿ ಕೆತ್ತಿ ಬಿಸಾಡಿದ್ದಾನೆ, ಪುಣ್ಯಾತ್ಮ.

ಮನೆಗೆ ಬರುವಾಗ ಬೀದಿದೀಪಗಳಿಗೆಲ್ಲ ಸುತ್ತ ಬಣ್ಣದ ಬಳೆ ತೊಡಿಸಿದ್ದರು. ಚರ್ಚು ತೆರೆಯುವ ಸಂಭ್ರಮಕ್ಕಿರಬೇಕು. "ಎಂಥ ಬಳೆ ಅಮ್ಮ?" ಅಂದ ಮಗ. ಅವನಿಗೆ ಚಂದ ಅನ್ನುವುದೇ ಕಾಣುವುದಿಲ್ಲ.

ಎರಡು ಕಲೆ ಇದ್ದವಂತೆ. ಅವಳದ್ದೂ ಒಂದು.

ಸೆಪ್ಟೆಂಬರ್ 17, ಬುಧವಾರ

ಕನಸಿನಲ್ಲಿ ಬಟ್ಟೆ ಮುಗಿಯಲೇ ಇಲ್ಲ. ನನ್ನ ಮಡಿಲಿಂದ ಇಳಿದು, ಹೊಸ್ತಿಲು ದಾಟಿ, ಓಣಿಯ ಏರು ಹತ್ತಿ ಹೋಗುತ್ತಿತ್ತು. ಬರಿಗಾಲಲ್ಲಿ ಅದರ ಮೇಲೆ ನಡೆದೆ. ಕಾಲಡಿಗೆ ಹೂಗಳು ತಣ್ಣಗಿದ್ದವು. ಆ ತುದಿಯಲ್ಲಿ ಯಾರೋ ಕೂತು ಹೊಲಿಯುತ್ತಿದ್ದರು. ಎಷ್ಟು ನಡೆದರೂ ಅವರ ಬೆನ್ನೇ.

ಸೆಪ್ಟೆಂಬರ್ 22, ಸೋಮವಾರ

ಚೀಲ ಇವತ್ತು ಬರಬೇಕಿತ್ತು, ಬರಲಿಲ್ಲ.

ಸೆಪ್ಟೆಂಬರ್ 23, ಮಂಗಳವಾರ

ಬರಲಿಲ್ಲ. ಆಕೆಗೆ ಜ್ವರವಂತೆ. ಕೆಲಸ ಹಿಂದೆ ಬೀಳುತ್ತದಲ್ಲ ಅಂತ ನನಗೆ ಸಿಟ್ಟು. ಅದಕ್ಕೇ ಊಟ ಸೇರಲಿಲ್ಲ, ಬೇರೇನಿಲ್ಲ.

ಸೆಪ್ಟೆಂಬರ್ 24, ಬುಧವಾರ

ಮನೆಯಲ್ಲಿ ಕೆಮ್ಮಿನ ಔಷಧಿ ಅರ್ಧ ಬಾಟಲಿ ಉಳಿದಿತ್ತು. ಸುಮ್ಮನೆ ಚೆಲ್ಲುವುದೇಕೆ ಅಂತ ಸೊಸೆಯ ಕೈಲಿ ಕೊಟ್ಟೆ.

"ಇದರ ಸೀಲೇ ಒಡೆದಿಲ್ಲವಲ್ಲ ಅತ್ತೆ. ನಿನ್ನೆ ತಾನೇ ನನ್ನ ಹತ್ರ ತರಿಸಿಕೊಂಡ್ರಿ."

"ನಿನಗೆ ಕಣ್ಣು ಸರಿಯಿಲ್ಲ. ಡಾಕ್ಟರಿಗೆ ತೋರಿಸು."

ಸೆಪ್ಟೆಂಬರ್ 25, ಗುರುವಾರ

ಮಧ್ಯಾಹ್ನ ಯಾರಿಗೂ ಹೇಳದೆ ಏರು ಹತ್ತಿದೆ. ಗೋಡೆ ಹಿಡಿದು ಹಿಡಿದು. ಬಿಸಿಲು ಹತ್ತಿಯ ಹಾಗೆ ಓಣಿಯ ತುಂಬ ತುಂಬಿಕೊಂಡಿತ್ತು, ಅದನ್ನು ಸರಿಸಿಕೊಂಡು ಹೋಗಬೇಕಾಯಿತು. ಆಕೆಯ ಮನೆಯ ಬಾಗಿಲು ಅರ್ಧ ತೆರೆದಿತ್ತು. ಹೊರಗಿನ ಗೋಡೆಗೆ ಒರಗಿ ನಿಂತೆ. ಒಳಗಿನಿಂದ ಕೆಮ್ಮು ಕೇಳಿತು. ಹಳೇ ಕೆಮ್ಮೇ, ಎರಡು ಸಣ್ಣದು, ಆಮೇಲೆ ಒಂದು ದೊಡ್ಡದು. ಎದೆಯಿಂದ ಬರುವ ಕೆಟ್ಟ ಕೆಮ್ಮಲ್ಲ. ಇನ್ನೂ ಸ್ವಲ್ಪ ಹೊತ್ತು ನಿಂತು ಕೇಳಿದೆ. ಒರಗಿದ ಗೋಡೆ ಬೆನ್ನಿಗೆ ಬೆಚ್ಚಗಿತ್ತು. ಅಲ್ಲೇ ಒಂದೆರಡು ಮಾತು ಪಿಸುಗುಟ್ಟಿದೆನೇನೋ, ಅಭ್ಯಾಸಬಲ. ಒಳಗೆ ಹೋಗಲಿಲ್ಲ. ಯಾಕೆ ಹೋಗಲಿ.

ಸೆಪ್ಟೆಂಬರ್ 27, ಶನಿವಾರ

ಚೀಲ ಬಂತು. ಡಬ್ಬಿಯಲ್ಲಿ ಸೂಜಿಗಳ ಜೊತೆ ಒಂದು ಹಿಡಿ ಪೆಪ್ಪರಮಿಂಟು. ಹಲ್ಲಿಲ್ಲದವಳಿಗೆ ಪೆಪ್ಪರಮಿಂಟು ಕಳಿಸುವುದು ಕುಚೇಷ್ಟೆ. ಚೀಪಿಕೊಂಡೇ ಹೊಲಿದೆ.

ಅಕ್ಟೋಬರ್ 4, ಶನಿವಾರ

ಈ ಪುಸ್ತಕದ ಹಿಂದಿನ ಹಾಳೆಗಳಿಗೆ ಗೆರೆಯೇ ಹಾಕಿಲ್ಲ, ಬೇಕರಿಯವರ ಮೋಸ. ಅಕ್ಷರ ಒಂದರ ಮೇಲೊಂದು ಹತ್ತುತ್ತಿದೆ ಅಂತ ಸೊಸೆ ಇಣುಕಿ ಅಂದಳು. ದೊಡ್ಡದಾಗಿ ಬರೆದರೆ ಸರಿ.

ನನ್ನ ಕೊನೆ ಮುಗಿಯಿತು. ಕೊನೇ ಹೂವಿನ ದಾರ ಕತ್ತರಿಸಿದ ಮೇಲೆ ಕೈಗೆ ಏನೂ ಕೆಲಸವಿಲ್ಲ. ಇನ್ನು ಚೀಲ ಬರುವುದಿಲ್ಲವಲ್ಲ ಅಂತ ನೆನಪಾಗಿ ಒಂದು ಹೂ ಬಿಚ್ಚಿ ಮತ್ತೆ ಹಾಕಿದೆ. ಅದರ ದಳ ಸರಿ ಬಂದಿರಲಿಲ್ಲ.

ಅಕ್ಟೋಬರ್ 11, ಶನಿವಾರ

ನಾಳೆ ತೆರೆಯುತ್ತಾರೆ. ಸೊಸೆ ನನ್ನ ಬಿಳಿ ಸೀರೆ ಇಸ್ತ್ರಿ ಮಾಡಿಟ್ಟಳು. ನಾನು ಹೋಗುವುದಿಲ್ಲ ಅಂದದ್ದು ಅವಳಿಗೆ ನೆನಪಿಲ್ಲ. ನನಗಿದೆ. ಆದರೆ ನಾನು ಹೋಗದಿದ್ದರೆ ಬಟ್ಟೆಯ ಒಂದು ಕೊನೆ ಯಾರು ಹಿಡಿಯಬೇಕು? ಆಕೆ ಒಬ್ಬಳೇ ಎರಡು ಕೊನೆಗೂ ಓಡಾಡಲು ಮಂಡಿ ಬಿಡುವುದಿಲ್ಲ. ಬಟ್ಟೆಗೋಸ್ಕರ ಹೋಗುತ್ತೇನೆ.

ಅಕ್ಟೋಬರ್ 12, ಭಾನುವಾರ

ಬಾಗಿಲು ಮುಚ್ಚಿತ್ತು. ಊರೆಲ್ಲ ಹೊರಗೆ ನಿಂತಿತ್ತು. ಕಟ್ಟಿದವರು ಬೀಗದ ಕೈಯನ್ನು ಬಿಷಪ್ಪರಿಗೆ ಕೊಟ್ಟರು, ಬಿಷಪ್ಪರು ನಮ್ಮ ಫಾದರ್ ಕೈಗೆ ಕೊಟ್ಟು ತೆರೆ ಅಂದರು. ತೆರೆದಾಗ ಒಳಗಿನ ತಂಪು ನಮ್ಮ ಮುಖಕ್ಕೆ ಬಂತು, ಕಾದು ಕೂತವರು ಉಸಿರು ಬಿಟ್ಟ ಹಾಗೆ. ಒಳಗೆ ಏನೂ ಕಾಣಲಿಲ್ಲ, ಬರೀ ಬಿಳುಪು. ಜನ ಆ ಬಿಳುಪಿನೊಳಗೆ ಒಬ್ಬೊಬ್ಬರಾಗಿ ಕರಗಿ ಹೋದರು. ನಾನೂ ಸೊಸೆಯ ತೋಳು ಹಿಡಿದು ಕರಗಿದೆ. ಕಾಲಿಟ್ಟದ್ದು ಆಮೇಲೆ ಗೊತ್ತಾಯಿತು.

ನನ್ನನ್ನು ಮುಂದಿನ ಬೆಂಚಿನಲ್ಲಿ ಕೂರಿಸಿದರು. ಮಗ್ಗುಲಲ್ಲಿ ಯಾರೋ ಕೂತರು. ಎರಡು ಸಣ್ಣ ಕೆಮ್ಮು, ಒಂದು ದೊಡ್ಡದು. ನಾನು ನೇರ ಮುಂದೆ ನೋಡಿದೆ. ಒರಗಿದರೆ ಬರೀ ಮರದ ಬೆಂಚು.

ಹಾಡು ಎದ್ದಿತು. ಅರ್ಧ ಉಸಿರು ಹಿಂದೆ ಒಂದು ದನಿ. ನಡುವೆ ಕಂಬವಿಲ್ಲದೆ ಅದು ಮೊದಲ ಸಲ ನೇರ ನನ್ನ ಕಿವಿಗೆ ಬಂತು. ಸಣ್ಣದಾಗಿದೆ ದನಿ. ನಾನೂ ಯಾಕೋ ಅರ್ಧ ಉಸಿರು ಹಿಂದೆ ಹಾಡಿದೆ.

ಆಮೇಲೆ ಬಿಷಪ್ಪರು ಅಂಗಿಯ ತೋಳು ಮೇಲಕ್ಕೆ ಮಡಚಿಕೊಂಡು ಬರಿಗಲ್ಲಿನ ಬಲಿಪೀಠದ ಮೇಲೆ ಎಣ್ಣೆ ಸುರಿದರು. ಅಂಗೈ ಊರಿ ಆ ತುದಿಯಿಂದ ಈ ತುದಿಗೆ ಉಜ್ಜಿದರು, ಎಳೆಗೂಸಿಗೆ ಎಣ್ಣೆ ತಿಕ್ಕುವ ಹಾಗೆ. ವಾಸನೆ ನಮ್ಮವರೆಗೂ ಬಂತು. ಮೇಸ್ತ್ರಿ ಕೆತ್ತಿ ತೆಗೆದ ಎಣ್ಣೆಯನ್ನು ಬಿಷಪ್ಪರು ತಾವೇ ಮತ್ತೆ ಹಚ್ಚುತ್ತಿದ್ದರು. ನನ್ನ ಕಲೆ, ಆಕೆಯ ಕಲೆ. ಕಂಬ ಎಲ್ಲೂ ಹೋಗಿರಲಿಲ್ಲ, ನಿಂತು ನಿಂತು ದಣಿದು ಮಲಗಿತ್ತು ಅಷ್ಟೆ. ಕಲ್ಲಿನ ಮೇಲೆ ಧೂಪ ಉರಿಸಿದರು. ಹೊಗೆ ಮೇಲೇರಿತು, ಈ ಸಲ ಅದು ನನ್ನೊಬ್ಬಳಿಗೆ ಕಂಡ ಹೊಗೆಯಾಗಿರಲಿಲ್ಲ.

ಎಣ್ಣೆ ಒರೆಸಿದರು. ನಮ್ಮನ್ನು ಕರೆದರು.

ಬಟ್ಟೆಯನ್ನು ಎರಡೂ ಕೊನೆಯಿಂದ ಸುತ್ತಿ ನಡುವೆ ಎರಡು ಸುರುಳಿ ಮಾಡಿದ್ದರು. ದಿಂಬಿನ ಚೀಲಗಳನ್ನು ಆಗಷ್ಟೇ ಬಿಚ್ಚಿದ್ದು. ನಡುವಿನಿಂದ ಶುರುಮಾಡಿ ನಾನು ಒಂದು ಕಡೆಗೆ, ಆಕೆ ಇನ್ನೊಂದು ಕಡೆಗೆ ಬಿಚ್ಚುತ್ತ ನಡೆದೆವು. ನನ್ನ ತುದಿ ಬಂತು, ಇಳಿಬಿಟ್ಟೆ. ಬೆರಳಾಡಿಸಿದೆ, ಹೂವೆಲ್ಲ ಹೊರಮುಖ. ಸರಿಯಾಯಿತು ಅಂದುಕೊಂಡು ನಿಂತೆ. ಆ ತುದಿಯಲ್ಲಿ ಬಿಳೀ ಮೋಡದೊಳಗೆ ಆಕೆಯ ಕೈಗಳು ನಿಂತುಬಿಟ್ಟಿದ್ದವು. ಮತ್ತೆ ಅಲ್ಲಾಡಲಿಲ್ಲ. ಹಾಡುವವರು ಒಂದು ಚರಣ ಮುಗಿಸಿ ಇನ್ನೊಂದಕ್ಕೆ ಹೋದರು. ಜನ ಪಿಸುಗುಟ್ಟಲು ಶುರುಮಾಡಿದರು.

ಕಲ್ಲನ್ನು ಹಿಡಿದುಕೊಂಡು ಸುತ್ತಿ ಆಚೆ ಬದಿಗೆ ಹೋದೆ. ಆಕೆಯ ಕೊನೆಗೆ ಕೈಯಿಟ್ಟೆ. ಬೆರಳಿಗೆ ಹೂ ಸಿಗಲಿಲ್ಲ. ಗಂಟು, ದಾರದ ಬಾಲ, ಮತ್ತೆ ಗಂಟು. ಹೂವೆಲ್ಲ ಕಲ್ಲಿನ ಕಡೆಗಿದ್ದವು. ಒಂದೇ ಬಟ್ಟೆಯ ಒಂದು ಮಗ್ಗುಲಿಗೆ ನಾನು ಹಾಕಿದ್ದೆ, ಇನ್ನೊಂದು ಮಗ್ಗುಲಿಗೆ ಆಕೆ.

"ಉಲ್ಟಾ ಆಯ್ತು ಕಣೆ," ಅಂದಳು. "ಎಲ್ಲರೂ ನೋಡ್ತಿದ್ದಾರೆ."

ಆಕೆಯ ಮುಖ ನೋಡಿದೆ. ಅಷ್ಟು ಹತ್ತಿರದಿಂದಲೂ ಕಣ್ಣು ಮೂಗು ಬೇರೆಬೇರೆ ಕಾಣಲಿಲ್ಲ, ಬೆಳಕಿನ ಒಂದು ಉಂಡೆ. ನಾನು ಇಷ್ಟು ವರ್ಷ ಈ ದಿನಕ್ಕಾಗಿ ಕೂಡಿಟ್ಟುಕೊಂಡಿದ್ದ ಮಾತುಗಳಲ್ಲಿ ಒಂದೂ ನೆನಪಿಗೆ ಬರಲಿಲ್ಲ.

"ಒಳಗಡೆಗೆ ಮಡಚು," ಅಂದೆ. "ಗಂಟೆಲ್ಲ ಒಳಗೆ ಹೋಗಲಿ."

ಇಬ್ಬರೂ ಸೇರಿ ಮಡಚಿದೆವು. ಹೊರಗೆ ಬರೀ ಬಿಳೀ ಬಟ್ಟೆ ಉಳಿಯಿತು. ನಾನು ವಾಪಸು ನನ್ನ ತುದಿಗೆ ಬಂದು, ನನ್ನ ಹೂಗಳನ್ನೂ ಹಾಗೇ ಒಳಗೆ ಮಡಚಿದೆ. ಎರಡು ಕಡೆಯೂ ಒಂದೇ ಉದ್ದ ಬೇಕಲ್ಲ, ಅದಕ್ಕೆ.

ಬೆಂಚಿಗೆ ಬಂದು ಕೂತೆವು. ಮೇಣದ ಬತ್ತಿ ಹೊತ್ತಿಸಿದರು, ಆಮೇಲೆ ಚರ್ಚಿನ ಎಲ್ಲ ದೀಪ. ಪ್ರತಿ ದೀಪಕ್ಕೂ ಬಣ್ಣದ ಬಳೆ. ಕಂಡದ್ದೆಲ್ಲ ತೇಲುತ್ತಿತ್ತು.

"ನಿನ್ನದು ಸರಿ ಇತ್ತಲ್ಲ, ನಿನ್ನದ್ಯಾಕೆ ಮಡಚಿದೆ?" ಅಂದಳು ಮೆಲ್ಲಗೆ.

"ಸುಮ್ಮನಿರು, ಪೂಜೆ ನಡೀತಿದೆ."

"ನೀನು ಯಾವತ್ತು ಪೂಜೇಲಿ ಸುಮ್ಮನಿದ್ದೆ? ಆ ಕಂಬ ಏನು ಮಹಾ ದಪ್ಪ ಇತ್ತಾ. ನೀನು ಪಿಸಪಿಸ ಅಂದದ್ದೆಲ್ಲ ಇಷ್ಟು ವರ್ಷ ಕೂತು ಕೇಳಿದ್ದೀನಿ."

"ಎಲ್ಲಾನೂ?" ಅಂದೆ.

"ಆಸ್ಪತ್ರೆ ಊಟ ಗಂಟಲಿಗೆ ಇಳಿಯಲ್ಲ ಅಂದದ್ದೂ."

ಕೆಂಪು ವೈರು ಸುತ್ತಿದ ಆ ಹಿಡಿ ಕೈಗೆ ಸಿಕ್ಕ ಹಾಗಾಯಿತು. ಗಂಟೆ ಬಾರಿಸಿದರು, ಎಲ್ಲರೂ ಮೊಣಕಾಲೂರಿದರು, ನಾನು ಬೆಂಚು ಹಿಡಿದು ಕೂತೇ ಇದ್ದೆ. ಏಳುವಾಗ ಅಕ್ಕ ನನ್ನ ತೋಳು ಹಿಡಿದುಕೊಂಡಳು, ಅವಳ ಮಂಡಿಗೋಸ್ಕರವೋ ನನ್ನ ಕಣ್ಣಿಗೋಸ್ಕರವೋ.

ಹೊರಗೆ ಬಂದ ಮೇಲೆ ಸೊಸೆ ಕೇಳಿದಳು, "ಹೂ ಎಲ್ಲಿ ಹೋದವು ಅತ್ತೆ? ಎರಡು ತಿಂಗಳು ಹೊಲಿದ್ರಲ್ಲ."

"ಒಳಗಿವೆ," ಅಂದೆ. "ನೋಡಬೇಕಾದ ಕಂಬ ನೋಡ್ತಿದೆ."

ಅಕ್ಟೋಬರ್ 14, ಮಂಗಳವಾರ

ಡಬ್ಬಿ ಇನ್ನೂ ನಮ್ಮ ಮನೆಯಲ್ಲೇ ಇದೆ. ನಿನ್ನೆಯೆಲ್ಲ ಮಡಿಲಲ್ಲಿಟ್ಟುಕೊಂಡು ಕೂತಿದ್ದೆ. ಅದಕ್ಕೆ ಏನೇನೋ ಹೇಳಿದೆ. ಅದು ಡಬ್ಬಿ, ಆಚೆ ಬದಿಗೆ ಯಾರೂ ಇಲ್ಲ.

ಅಕ್ಕ, ಈ ಪುಸ್ತಕವನ್ನು ಡಬ್ಬಿಯ ಜೊತೆ ಚೀಲದಲ್ಲಿ ಕಳಿಸುತ್ತಿದ್ದೇನೆ. ಚರ್ಚು ಕೆಡವಿದ ಮೇಲೆ ನಾನು ಹೇಳಿದ್ದು ಯಾವುದೂ ನಿನಗೆ ಕೇಳಿಸಿಲ್ಲ, ಅದರಲ್ಲಿ ಕಡೆಯ ಎರಡು ತಿಂಗಳು ಇಲ್ಲಿದೆ. ಮೊದಲ ಪುಟದಲ್ಲಿ ಬೈದದ್ದು ನಿನಗಲ್ಲ, ಉಳಿದ ಪುಟಗಳಲ್ಲಿ ಬೈದದ್ದು ನಿನಗೇ. ಡಬ್ಬಿ ಕದ್ದೆ ಅಂತ ಬರೆದ ಪುಟ ಹರಿಯೋಣ ಅಂದುಕೊಂಡೆ, ಹರಿಯಲಿಲ್ಲ, ಓದಿ ನಗು. ನೀನು ನನಗಿಂತ ಒಂದು ಕ್ಲಾಸು ಹೆಚ್ಚು ಓದಿದವಳು ಅಂತ ಅತ್ತೆಯ ಹತ್ತಿರ ಜಂಬ ಹೊಡೆಯುತ್ತಿದ್ದೆಯಲ್ಲ, ಒಂದರ ಮೇಲೊಂದು ಹತ್ತಿದ ಅಕ್ಷರಗಳನ್ನು ಈಗ ಬಿಡಿಸಿ ಓದು.

ಇಷ್ಟು ವರ್ಷ ನಾನು ಹೇಳಿದ್ದೇ ಹೇಳಿದ್ದು, ನೀನು ಆಚೆ ಬದಿಯಲ್ಲಿ ಕೂತು ಕೇಳಿದ್ದೇ ಕೇಳಿದ್ದು. ತಿರುಗಿ ಒಂದು ಮಾತು ಹೇಳಲಿಲ್ಲ. ನಿನಗೂ ಒಂದು ಕಲೆ ಇತ್ತಲ್ಲ ಆ ಕಲ್ಲಿನ ಮೇಲೆ, ನೀನೇನು ಹೇಳಿಕೊಳ್ಳುತ್ತಿದ್ದೆ? ನನಗೆ ಒಂದೂ ಕೇಳಿಸಿಲ್ಲ, ನನ್ನ ಬಾಯಿ ಅಷ್ಟು ನಡೆಯುತ್ತಿತ್ತು. ಹಿಂದಿನ ಖಾಲಿ ಹಾಳೆಗಳಲ್ಲಿ ಬರೆ. ದೊಡ್ಡದಾಗಿ ಬರೆ, ಸೊಸೆ ಶುಕ್ರವಾರ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತಾಳೆ, ಹೋಗುತ್ತೇನೆ ಅಂದಿದ್ದೇನೆ, ಆದರೂ ದೊಡ್ಡದಾಗಿ ಬರೆ. ಪೆನ್ಸಿಲು ಡಬ್ಬಿಯಲ್ಲಿದೆ, ಚೂಪು ಮಾಡಿದ್ದೇನೆ. ಪೆಪ್ಪರಮಿಂಟೂ ಇದೆ, ನಿನ್ನದೇ.

ಮುಂದಿನ ತಿಂಗಳ ಮೊದಲ ದಿನ ಆ ಬಟ್ಟೆಯನ್ನು ಒಗೆಯಲು ತೆಗೆಯುತ್ತಾರೆ. ಅಷ್ಟುದ್ದದ ಬಟ್ಟೆ ಒಬ್ಬಳು ಹಿಂಡುವುದಕ್ಕಾಗುವುದಿಲ್ಲ, ಆ ತುದಿ ನೀನು ಹಿಡಿಯಬೇಕು, ಈ ತುದಿ ನಾನು. ಉತ್ತರ ಅದಕ್ಕೆ ಮೊದಲು ನನ್ನ ಕೈ ಸೇರಬೇಕು. ತಡಮಾಡಬೇಡ.